ರಾತ್ರಿ ಉಳಿದದ್ದು, ಹಿತ್ತಲಲ್ಲಿ ಬೆಳೆದದ್ದು: ಎರಡನ್ನೂ ಕೂಡಿಸಿ ಅಡುಗೆ ಮಾಡುವ ಬಗೆ

ರಾತ್ರಿಯ ಅನ್ನ ಎರಡು ಲೋಟದಷ್ಟು ಉಳಿದಿದೆ, ಚಿತ್ರಾನ್ನ ತಿಂದು ತಿಂದು ಮನೆಯವರಿಗೆ ಬೇಸರ ಬಂದಿದೆ, ಬೇರೇನು ಮಾಡಬಹುದು? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಬರುವುದು ಇನ್ನೊಂದು: ಹಿತ್ತಲಲ್ಲಿ ದೊಡ್ಡಪತ್ರೆ ಹಬ್ಬಿ ನಿಂತಿದೆ, ಹೀರೆ ಬಳ್ಳಿ ಒಂದೇ ಸಲಕ್ಕೆ ಹತ್ತು ಕಾಯಿ ಬಿಟ್ಟಿದೆ, ಏನು ಮಾಡಲಿ?

ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಉತ್ತರ ಸುಲಭ. ಉಳಿದ ಅಡುಗೆಗೆ ಹೊಟ್ಟೆ ತುಂಬಿಸುವ ಶಕ್ತಿ ಇದ್ದೇ ಇರುತ್ತದೆ, ಹೋಗಿರುವುದು ಅದರ ಪರಿಮಳ ಮತ್ತು ಮೆದುತನ. ಆಗ ತಾನೇ ಕಿತ್ತ ಸೊಪ್ಪು, ಕಾಯಿ, ಹಸಿಮೆಣಸು ಆ ಕೊರತೆಯನ್ನು ತುಂಬಿಕೊಡುತ್ತವೆ. ಉಳಿದದ್ದನ್ನು ಬರೀ ಬಿಸಿ ಮಾಡಿ ಬಡಿಸಿದರೆ ತಂಗಳು ತಂಗಳಾಗಿಯೇ ಉಳಿಯುತ್ತದೆ. ಹಿತ್ತಲಿನದೊಂದು ಹಿಡಿ ಬೆರೆತರೆ ಅದೇ ಹೊಸ ತಿಂಡಿ. ಹಿತ್ತಲಿಲ್ಲದವರು ಬಾಲ್ಕನಿಯ ನಾಲ್ಕು ಕುಂಡ ಎಂದು ಓದಿಕೊಳ್ಳಿ. ದೊಡ್ಡಪತ್ರೆ, ಬಸಳೆ, ಮೆಂತ್ಯ ಸೊಪ್ಪು, ಹಸಿಮೆಣಸಿನ ಗಿಡ ಇಷ್ಟಿದ್ದರೂ ಸಾಕು.

ಮೊದಲು ಬೇಕಾದದ್ದು

ಮುಚ್ಚಳವಿರುವ ಅಗಲವಾದ ಸ್ಟೀಲ್ ಡಬ್ಬಿಗಳು ಎರಡು, ದೊಡ್ಡ ತಟ್ಟೆ ಒಂದು, ಸೊಪ್ಪು ಸುತ್ತಿಡಲು ಹತ್ತಿ ಬಟ್ಟೆ, ಮಿಕ್ಸಿ, ದಪ್ಪ ಕಾವಲಿ. ಪಡ್ಡಿನ ಹಂಚು ಇದ್ದರೆ ಒಳ್ಳೆಯದು. ಈ ಬರಹದಲ್ಲಿ ಲೋಟ ಎಂದರೆ 200 ಮಿ.ಲೀ. ಅಳತೆಯದು. ಎಲ್ಲ ಅಳತೆಯೂ ನಾಲ್ಕು ಜನರಿಗೆ.

1. ಕೆಲಸ ಶುರುವಾಗುವುದು ರಾತ್ರಿ ಊಟವಾದ ಕೂಡಲೇ

ಉಳಿದ ಅಡುಗೆ ಬೆಳಗ್ಗೆ ಏನಾಗಬೇಕು ಎನ್ನುವುದನ್ನು ರಾತ್ರಿ ಅದನ್ನು ಹೇಗೆ ಎತ್ತಿಟ್ಟಿರಿ ಎನ್ನುವುದೇ ತೀರ್ಮಾನಿಸುತ್ತದೆ. ಬಹುಮಂದಿ ತಪ್ಪುವುದು ಇಲ್ಲೇ, ಅದರಲ್ಲೂ ಅನ್ನದ ವಿಷಯದಲ್ಲಿ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು (ಬಿಸಿಯನ್ನೂ ತಡೆದುಕೊಳ್ಳುವ ಗಟ್ಟಿ ಕಣಗಳು) ಇರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಚಿಗುರಿ, ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮರುದಿನ ಎಷ್ಟು ಹುರಿದರೂ ಹೋಗದು. ಹಾಗಾಗಿ ಕುಕ್ಕರಿನಲ್ಲೇ ಮುಚ್ಚಿಟ್ಟು ಬೆಳಗ್ಗೆ ತೆಗೆದ ಅನ್ನ ವಾಸನೆಯಿಲ್ಲದೆ ಚೆನ್ನಾಗಿ ಕಂಡರೂ ಅದನ್ನು ನಂಬಬೇಡಿ.

ಮಾಡಬೇಕಾದದ್ದು ಇಷ್ಟು. ಉಳಿದ ಅನ್ನವನ್ನು ತಟ್ಟೆಯಲ್ಲಿ ಒಂದು ಬೆರಳು ದಪ್ಪಕ್ಕಿಂತ ತೆಳ್ಳಗೆ ಹರಡಿ, ಫ್ಯಾನಿನ ಕೆಳಗಿಡಿ. ಇಪ್ಪತ್ತು ನಿಮಿಷದಲ್ಲಿ ಆರುತ್ತದೆ. ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿ. ಬೆಂದ ಮೇಲೆ ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಇದು ಮುಗಿಯಲಿ. ಒಂದು ದಿನದೊಳಗೆ ಬಳಸಿ, ಒಂದೇ ಸಲ ಬಿಸಿ ಮಾಡಿ.

ಫ್ರಿಜ್ ಇಲ್ಲದವರಿಗೆ ನೀರನ್ನದ ಹಳೆಯ ದಾರಿ ಇದೆ. ಬೇಗ ಆರಿಸಿದ ಅನ್ನಕ್ಕೆ ಎರಡು ಬೆರಳು ಮೇಲೆ ನಿಲ್ಲುವಷ್ಟು ಕಾಯಿಸಿ ಆರಿಸಿದ ನೀರು ಸುರಿದು, ಒಂದು ದೊಡ್ಡ ಚಮಚ ಹುಳಿ ಮಜ್ಜಿಗೆ ಬೆರೆಸಿ. ಮಜ್ಜಿಗೆ ಬೆರೆತರೆ ಬೇಗ ಹುಳಿಯೇರುತ್ತದೆ, ಬೇಡದ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟವಾಗುತ್ತದೆ. ಬೆಳಗ್ಗೆ ಹಿತಕರವಾದ ಹುಳಿ ವಾಸನೆ ಇರಬೇಕು. ಅಂಟು ನೂಲು ಎಳೆದರೆ, ಕೊಳೆತ ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹಾಕಿ. ಚಿಕ್ಕ ಮಕ್ಕಳು, ಬಸುರಿಯರು, ಕಾಯಿಲೆಯವರಿಗೆ ನೀರನ್ನ ಬೇಡ. ಕಡು ಬೇಸಿಗೆಯ ರಾತ್ರಿಗಳಲ್ಲಿ ಯಾರಿಗೂ ಬೇಡ.

ಹುಳಿ, ಸಾಂಬಾರು, ಕೂಟು: ಕಾಯಿ ರುಬ್ಬಿ ಹಾಕಿದ್ದು ಬೇಗ ಹಳಸುತ್ತದೆ. ಎರಡು ಹೊತ್ತಿಗೆಂದು ಮಾಡುವಾಗಲೇ ಬೆಂದ ಬೇಳೆ–ತರಕಾರಿಯಲ್ಲಿ ಅರ್ಧ ತೆಗೆದಿಟ್ಟು, ಉಳಿದರ್ಧಕ್ಕೆ ಮಾತ್ರ ಕಾಯಿ ಮಸಾಲೆ ಹಾಕಿ. ತೆಗೆದಿಟ್ಟದ್ದನ್ನು ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಅದು ಸಾರೂ ಆಗಬಹುದು, ಬಸ್ಸಾರೂ ಆಗಬಹುದು.

2. ಬೆಳಗ್ಗೆ ಹಿತ್ತಲಿಗೊಂದು ಸುತ್ತು

ಬಿಸಿಲೇರುವ ಮುಂಚೆ ಕಿತ್ತ ಸೊಪ್ಪು ಬೇಗ ಬಾಡುವುದಿಲ್ಲ. ಅಂದಿಗೆ ಬೇಕಾದಷ್ಟನ್ನೇ ಕೀಳಿ. ಗಿಡದ ಮೇಲಿರುವ ಸೊಪ್ಪಿನಷ್ಟು ತಾಜಾ ಫ್ರಿಜ್ಜಿನ ಸೊಪ್ಪು ಎಂದಿಗೂ ಇರುವುದಿಲ್ಲ. ಬಸಳೆಯನ್ನು ತುದಿಯಿಂದ ಒಂದು ಗೇಣು ಕತ್ತರಿಸಿದರೆ ಗೆಣ್ಣಿನಲ್ಲಿ ಎರಡು ಕವಲು ಒಡೆಯುತ್ತದೆ. ಸಂತೆಯಿಂದ ತಂದ ಬಸಳೆಯ ದಪ್ಪ ದಂಟನ್ನು ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿದರೆ ಬಳ್ಳಿಯೇ ಆಗುತ್ತದೆ. ಒಗ್ಗರಣೆ ಡಬ್ಬಿಯ ಮೆಂತ್ಯವನ್ನೇ ಕುಂಡಕ್ಕೆ ಉದುರಿಸಿದರೆ ಮೂರು–ನಾಲ್ಕು ವಾರಕ್ಕೆ ಸೊಪ್ಪು ಬರುತ್ತದೆ.

ಸೊಪ್ಪು ತೊಳೆಯುವಾಗ ಪಾತ್ರೆಯ ನೀರನ್ನು ಬಗ್ಗಿಸಬೇಡಿ. ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಅಗಲ ಪಾತ್ರೆಯಲ್ಲಿ ಮುಳುಗಿಸಿ, ಕೈಯಲ್ಲಿ ಸೊಪ್ಪನ್ನೇ ಮೇಲೆತ್ತಿ, ನೀರು ಬದಲಿಸಿ. ಮೂರು ಸಲ. ಆ ನೀರು ಗಿಡಗಳಿಗೆ ಹೋಗಲಿ. ಅಕ್ಕಿ ತೊಳೆದ ಮೊದಲ ನೀರಿಗೂ ಅದೇ ದಾರಿ. ಮಲೆನಾಡಿನ ಕೆಲವು ಮನೆಗಳಲ್ಲಿ ಇದನ್ನೇ ಅಕ್ಕಚ್ಚು ಎಂದು ದನಗಳಿಗೆ ಎತ್ತಿಡುತ್ತಾರೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಹೀರೆ, ಸೋರೆ, ಸೌತೆ, ಪಡವಲ ಯಾವುದನ್ನೇ ಹೆಚ್ಚಿದರೂ ಮೊದಲು ಚೂರು ನಾಲಗೆಗೆ ಹಚ್ಚಿ ನೋಡಿ. ಕಹಿಯಿದ್ದರೆ ಉಗಿದು ಇಡೀ ಕಾಯಿಯನ್ನು ಬಿಸಾಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಕಾಯಿ ರಸ ಕುಡಿದು ಜೀವ ಹೋದ ಪ್ರಕರಣಗಳು ನಮ್ಮ ದೇಶದಲ್ಲಿವೆ. ಹಾಗಲಕಾಯಿಯ ಕಹಿ ಅದರ ಸಹಜ ಗುಣ, ಅದು ಬೇರೆ ವಿಷಯ. ಹಸಿರು ತಿರುಗಿದ ಆಲೂಗಡ್ಡೆಯ ಸಿಪ್ಪೆಯೂ ಅಡುಗೆಗೆ ಆಗದು. ಉಳಿತಾಯದ ಲೆಕ್ಕ ಇಲ್ಲಿ ಹಾಕಲೇಬಾರದು.

3. ಉಳಿದ ಅನ್ನದ ರೊಟ್ಟಿ

ಚಿತ್ರಾನ್ನದಿಂದ ಬಿಡುಗಡೆ ಬೇಕಾದವರು ಮೊದಲು ಕಲಿಯಬೇಕಾದದ್ದು ಇದು. ಬರೀ ಅಕ್ಕಿಹಿಟ್ಟಿನ ರೊಟ್ಟಿಗಿಂತ ಮೆತ್ತಗಿರುತ್ತದೆ, ಆರಿದ ಮೇಲೂ ಬಿರುಸಾಗದು, ಬುತ್ತಿಗೂ ಒಗ್ಗುತ್ತದೆ.

ಬೇಕಾದದ್ದು: ಉಳಿದ ಅನ್ನ 2 ಲೋಟ, ಅಕ್ಕಿಹಿಟ್ಟು 1 ಲೋಟ, ಸಬ್ಬಸಿಗೆ ಅಥವಾ ಮೆಂತ್ಯ ಸೊಪ್ಪು ಹೆಚ್ಚಿದ್ದು 1 ಲೋಟ, ಈರುಳ್ಳಿ 1, ಹಸಿಮೆಣಸು 3, ತೆಂಗಿನತುರಿ ಕಾಲು ಲೋಟ, ಜೀರಿಗೆ 1 ಚಮಚ, ಉಪ್ಪು ಮುಕ್ಕಾಲು ಚಮಚ, ಬೇಯಿಸಲು ಎಣ್ಣೆ. ಏಳೆಂಟು ರೊಟ್ಟಿಯಾಗುತ್ತದೆ.

ಮೊದಲು ಅನ್ನವನ್ನು ಮೆದು ಮಾಡಿ. ಫ್ರಿಜ್ಜಿನಿಂದ ತೆಗೆದ ಅನ್ನದಲ್ಲಿ ಪಿಷ್ಟ ಬಿಗಿದುಕೊಂಡಿರುತ್ತದೆ, ಅಗುಳು ಗಡುಸಾಗಿರುತ್ತದೆ. ಹಾಗೇ ಕಲಸಿದರೆ ರೊಟ್ಟಿಯೊಳಗೆ ಕಾಳುಕಾಳಾಗಿ ಸಿಗುತ್ತದೆ, ತಟ್ಟುವಾಗ ಅಂಚು ಬಿರಿಯುತ್ತದೆ. ಎರಡು ದೊಡ್ಡ ಚಮಚ ಬಿಸಿನೀರು ಚಿಮುಕಿಸಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ನಾಲ್ಕು ನಿಮಿಷ ಇಡಿ. ಹೊರತೆಗೆದು ಬಿಸಿಯಿರುವಾಗಲೇ ಲೋಟದ ಬುಡದಿಂದ ಅರೆಯಿರಿ. ಮುಕ್ಕಾಲು ಪಾಲು ನುಣ್ಣಗಾದರೆ ಸಾಕು. ಮಿಕ್ಸಿಗೆ ಹಾಕಿದರೆ ಗೋಂದಿನಂತಾಗುತ್ತದೆ, ಆಮೇಲೆ ಹಿಟ್ಟು ಎಷ್ಟು ಹಾಕಿದರೂ ಅಂಟು ಬಿಡದು.

ಅರೆದ ಅನ್ನಕ್ಕೆ ಉಪ್ಪು ಬಿಟ್ಟು ಎಲ್ಲವನ್ನೂ ಸೇರಿಸಿ. ಸೊಪ್ಪಿನಲ್ಲಿ ತೊಳೆದ ನೀರು ಉಳಿದಿರದಂತೆ ಹಿಂಡಿ ಹಾಕಿ. ಬಳಿಕ ಉಪ್ಪು ಬೆರೆಸಿ ಕಲಸಿ, ಕೂಡಲೇ ತಟ್ಟಲು ಶುರುಮಾಡಿ. ಉಪ್ಪು ಬಿದ್ದ ಹತ್ತು ನಿಮಿಷಕ್ಕೆ ಈರುಳ್ಳಿ, ಸೊಪ್ಪು ನೀರು ಬಿಡುತ್ತವೆ, ಹಿಟ್ಟು ಸಡಿಲವಾಗುತ್ತದೆ. ಆಗ ಹಿಟ್ಟು ಸುರಿಯುತ್ತ ಹೋಗುವುದು ಎಲ್ಲರೂ ಮಾಡುವ ತಪ್ಪು. ರೊಟ್ಟಿ ಹಪ್ಪಳದಷ್ಟು ಗಟ್ಟಿಯಾಗಲು ಕಾರಣ ಅದೇ. ಕಲಸಲು ಬೇರೆ ನೀರು ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಹಿಟ್ಟನ್ನು ಹಿಡಿದು ಒತ್ತಿದರೆ ಬೆರಳಚ್ಚು ಉಳಿಯಬೇಕು, ಅಂಗೈಗೆ ಮಾತ್ರ ಮೆತ್ತಬಾರದು.

ತಟ್ಟಲು ಹಿತ್ತಲಿನ ಬಾಳೆಎಲೆಯೇ ಒಳ್ಳೆಯದು. ಎಲೆಗೆ ಎಣ್ಣೆ ಸವರಿ, ದೊಡ್ಡ ನಿಂಬೆ ಗಾತ್ರದ ಉಂಡೆಯನ್ನು ಒದ್ದೆ ಕೈಯಲ್ಲಿ ಮಧ್ಯದಿಂದ ಅಂಚಿಗೆ ತಟ್ಟಿ. ನಡುವೆ ಮೂರು ತೂತು ಮಾಡಿ. ಕಾದ ಕಾವಲಿಗೆ ಎಲೆಸಮೇತ ಕವುಚಿ, ಒಂದು ನಿಮಿಷ ಬಿಟ್ಟು ಎಲೆ ಎಳೆದರೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೂ ಮುಂಚೆ ಎಳೆದರೆ ರೊಟ್ಟಿಯೂ ಎಲೆಯ ಜೊತೆ ಬರುತ್ತದೆ. ತೂತುಗಳಿಗೆ, ಸುತ್ತಲಿಗೆ ಒಂದು ಚಮಚ ಎಣ್ಣೆ ಬಿಟ್ಟು, ಮಧ್ಯಮ ಉರಿಯಲ್ಲಿ ಮುಚ್ಚಿ ಎರಡು ನಿಮಿಷ ಬೇಯಿಸಿ. ಮಗುಚಿ ಮತ್ತೆರಡು ನಿಮಿಷ. ಮುಚ್ಚಳ ತೆಗೆದಾಗ ರೊಟ್ಟಿಯಿಂದ ಹಬೆ ಏಳಬೇಕು, ಅಂದರೆ ಒಳಗೂ ಬಿಸಿ ಮುಟ್ಟಿದೆ ಎಂದರ್ಥ.

4. ಜೊತೆಗೆ ಹೀರೆಕಾಯಿ ಸಿಪ್ಪೆ ಚಟ್ನಿ

ಎರಡು ಎಳೆ ಹೀರೆಕಾಯಿಯ ಏಣು ಮತ್ತು ಸಿಪ್ಪೆ ಹೆರೆದರೆ ಸುಮಾರು ಒಂದು ಲೋಟ ಬರುತ್ತದೆ. ಕಾಯಿ ಬಲಿತಿದ್ದರೆ ಸಿಪ್ಪೆಯಲ್ಲಿ ನಾರು ಇರುತ್ತದೆ, ಎಷ್ಟು ರುಬ್ಬಿದರೂ ಗಂಟಲಿಗೆ ಸಿಗುತ್ತದೆ, ಬೇಡ. ಅಂಗಡಿಯ ಕಾಯಿಯಾದರೆ ಔಷಧ ಸಿಂಪಡಿಸಿರುವ ಸಾಧ್ಯತೆ ಹೆಚ್ಚು, ಚೆನ್ನಾಗಿ ಉಜ್ಜಿ ತೊಳೆಯಿರಿ.

ಎರಡು ಚಮಚ ಎಣ್ಣೆಯಲ್ಲಿ ಉದ್ದಿನಬೇಳೆ ಮತ್ತು ಕಡಲೆಬೇಳೆ ಒಂದೊಂದು ದೊಡ್ಡ ಚಮಚ ಹಾಕಿ, ಕೆಂಪಗಾದ ಮೇಲೆ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಸೇರಿಸಿ ಹುರಿದು ಬದಿಗಿಡಿ. ಅದೇ ಬಾಣಲೆಯಲ್ಲಿ ಸಿಪ್ಪೆಯನ್ನು ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬಾಡಿಸಿ. ಇಲ್ಲಿ ಅವಸರ ಬೇಡ. ಸಿಪ್ಪೆಯ ಬಣ್ಣ ಮಂಕಾಗಿ, ತೇವ ಆರಿ, ಬಾಣಲೆಯಲ್ಲಿ ಚಟಪಟ ಶಬ್ದ ನಿಲ್ಲುವವರೆಗೂ ಕೈಯಾಡಿಸಿ. ಅರೆಬೆಂದರೆ ಚಟ್ನಿಗೆ ಹುಲ್ಲಿನ ವಾಸನೆ ಉಳಿಯುತ್ತದೆ. ಆರಿದ ಮೇಲೆ ಕಾಲು ಲೋಟ ತೆಂಗಿನತುರಿ, ಗೋಲಿ ಗಾತ್ರದ ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪಿನೊಂದಿಗೆ ತರಿತರಿಯಾಗಿ ರುಬ್ಬಿ. ಬೇಳೆಯನ್ನು ಕೊನೆಗೆ ಹಾಕಿ ಎರಡೇ ಸುತ್ತು ತಿರುಗಿಸಿದರೆ ಬಾಯಿಗೆ ಸಿಗುತ್ತದೆ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ.

ಸೀಮೆಬದನೆ, ಎಳೆ ಸೋರೆ, ಸಿಹಿಗುಂಬಳದ ಸಿಪ್ಪೆಗೂ ಇದೇ ಕ್ರಮ. ಕುಂಬಳದ ಸಿಪ್ಪೆಯನ್ನು ಮಾತ್ರ ಸಣ್ಣಗೆ ಹೆಚ್ಚಿ ಮೊದಲು ಬೇಯಿಸಿಕೊಳ್ಳಿ. ಕೊತ್ತಂಬರಿ ದಂಟನ್ನು ಬಾಡಿಸುವುದೂ ಬೇಡ, ನೇರ ರುಬ್ಬಬಹುದು. ಸೊಪ್ಪಿಗಿಂತ ದಂಟಿನಲ್ಲೇ ಘಮ ಜಾಸ್ತಿ.

ಕಲ್ಲಂಗಡಿಯ ಬಿಳಿಭಾಗ ಬಿಸಾಡುವವರಿಗೆ ಕರಾವಳಿಯ ಒಂದು ದೋಸೆ ಹೇಳಲೇಬೇಕು. ನಾಲ್ಕು ಗಂಟೆ ನೆನೆದ 2 ಲೋಟ ದೋಸೆ ಅಕ್ಕಿಗೆ ಹೊರಗಿನ ಹಸಿರು ಸಿಪ್ಪೆ ಕೆತ್ತಿ ತೆಗೆದ ಬಿಳಿಭಾಗದ ಹೋಳು ಎರಡೂವರೆ ಲೋಟ. ಉಪ್ಪು ಸೇರಿಸಿ ರುಬ್ಬಿ. ನೀರು ಹಾಕಬೇಡಿ, ಹೋಳಿನ ನೀರೇ ಸಾಕು. ಹೋಳನ್ನು ಮೊದಲು, ಅಕ್ಕಿಯನ್ನು ಆಮೇಲೆ ಹಾಕಿದರೆ ಮಿಕ್ಸಿ ಕಟ್ಟಿಕೊಳ್ಳುವುದಿಲ್ಲ. ತೆಳುವಾಗಿ ಹರಡದೆ ಸ್ವಲ್ಪ ದಪ್ಪಗೆ ಹೊಯ್ದು ಮುಚ್ಚಿ ಬೇಯಿಸಿ.

5. ಮಧ್ಯಾಹ್ನಕ್ಕೆ ತಂಬುಳಿ

ಒಲೆ ಹೆಚ್ಚು ಉರಿಸದೆ, ತರಕಾರಿ ಕೊಳ್ಳದೆ ಊಟಕ್ಕೊಂದು ಕಲಸಿಕೊಳ್ಳುವ ಪದಾರ್ಥ ಬೇಕೆಂದರೆ ತಂಬುಳಿಗೆ ಸಮನಾದದ್ದಿಲ್ಲ. ಸೊಪ್ಪನ್ನು ಬಾಡಿಸಿ, ಕಾಯಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿದ, ಕುದಿಸದ ಪದಾರ್ಥ ಇದು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಊಟದ ಮೊದಲ ಅನ್ನಕ್ಕೆ ಬಡಿಸುವ ರೂಢಿ.

ದೊಡ್ಡಪತ್ರೆ (ಸಾಂಬ್ರಾಣಿ ಸೊಪ್ಪು) 10–12 ಎಲೆ, ತುಪ್ಪ 1 ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು 5, ತೆಂಗಿನತುರಿ ಕಾಲು ಲೋಟ, ಹುಳಿಯಿಲ್ಲದ ಮಜ್ಜಿಗೆ ಒಂದೂವರೆ ಲೋಟ. ತುಪ್ಪದಲ್ಲಿ ಜೀರಿಗೆ, ಮೆಣಸು ಸಿಡಿದ ಮೇಲೆ ಎಲೆ ಹಾಕಿ, ಬಣ್ಣ ತಿರುಗಿ ಕುಗ್ಗುವವರೆಗೆ ಬಾಡಿಸಿ. ಪೂರ್ತಿ ಆರಲು ಬಿಡಿ. ಬಿಸಿಯಲ್ಲೇ ರುಬ್ಬಿ ಮಜ್ಜಿಗೆಗೆ ಸೇರಿಸಿದರೆ ಮಜ್ಜಿಗೆ ಒಡೆದು ನೀರೇ ಬೇರೆ, ಗಷ್ಟೇ ಬೇರೆ ಆಗುತ್ತದೆ. ಎಲೆ ಜಾಸ್ತಿ ಹಾಕುವ ಆಸೆ ಬೇಡ. ದೊಡ್ಡಪತ್ರೆಯದು ಖಾರವಾದ ಘಮ, ಇಪ್ಪತ್ತು ಎಲೆಯಾದರೆ ಔಷಧಿ ಕುಡಿದಂತಾಗುತ್ತದೆ.

ದಾಳಿಂಬೆ ತಿಂದಾಗ ಸಿಪ್ಪೆಯನ್ನು ಒಣಗಿಸಿಟ್ಟರೆ, ಹೆಬ್ಬೆರಳಗಲದ ಎರಡು ಚೂರಿನಿಂದ ಇದೇ ರೀತಿ ಒಗರು ತಂಬುಳಿ ಮಾಡಬಹುದು.

6. ಹುಳಿ ಬಂದ ಮೊಸರು, ಹುಳಿ ಬಂದ ಹಿಟ್ಟು

ಹುಳಿ ಮೊಸರಿಗೆ ಮಜ್ಜಿಗೆ ಹುಳಿಯೇ ಸರಿಯಾದ ಜಾಗ. ಮೊಸರು ತೀರಾ ಹುಳಿಯಾಗಿದ್ದರೆ ಮೇಲೆ ನಿಂತ ತಿಳಿನೀರನ್ನು ಬಗ್ಗಿಸಿ. ಹುಳಿ ಸ್ವಲ್ಪ ಅದರಲ್ಲೇ ಹೋಗುತ್ತದೆ. ಆ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಚಪಾತಿ ಮೆತ್ತಗಾಗುತ್ತದೆ.

ಬೂದುಗುಂಬಳ ಅಥವಾ ಸೀಮೆಬದನೆ ಹೋಳು 2 ಲೋಟ ಬೇಯಿಸಿ. ಅರ್ಧ ಗಂಟೆ ನೆನೆದ ಕಡಲೆಬೇಳೆ 1 ದೊಡ್ಡ ಚಮಚ, ತೆಂಗಿನತುರಿ ಕಾಲು ಲೋಟ, ಹಸಿಮೆಣಸು 3, ಜೀರಿಗೆ 1 ಚಮಚ, ಶುಂಠಿ ಚೂರು, ಕೊತ್ತಂಬರಿ ದಂಟು ರುಬ್ಬಿ ಸೇರಿಸಿ ಐದು ನಿಮಿಷ ಕುದಿಸಿ. ಹಸಿ ಬೇಳೆಯ ವಾಸನೆ ಈಗಲೇ ಹೋಗಬೇಕು, ಮೊಸರು ಬಿದ್ದ ಮೇಲೆ ಕುದಿಸುವಂತಿಲ್ಲ. ಉರಿ ಸಣ್ಣ ಮಾಡಿ, ಕಡೆದ ಮೊಸರು 2 ಲೋಟ ಹಾಕಿ ಒಂದೇ ದಿಕ್ಕಿಗೆ ಕೈಯಾಡಿಸಿ. ಅಂಚಿನಲ್ಲಿ ನೊರೆ ಏಳುತ್ತಿದ್ದಂತೆ ಇಳಿಸಿ. ರುಬ್ಬಿದ ಬೇಳೆಯ ಪಿಷ್ಟ ಮೊಸರನ್ನು ಒಡೆಯದಂತೆ ಹಿಡಿಯುತ್ತದೆ, ಆದರೆ ಕೊತಕೊತ ಕುದಿದರೆ ಅದೂ ತಡೆಯದು.

ದೋಸೆಹಿಟ್ಟು ಹುಳಿಯಾದರೆ ಸೋಡಾ ಹಾಕಬೇಡಿ. ಎಣ್ಣೆ ಕುಡಿಯುತ್ತದೆ, ಸೋಡಾ ವಾಸನೆ ಬೇರೆ. 3 ಲೋಟ ಹಿಟ್ಟಿಗೆ ಕಾಲು ಲೋಟ ಅಕ್ಕಿಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕರಿಬೇವು, ಒಂದು ಹಿಡಿ ನುಗ್ಗೆಸೊಪ್ಪು ಬೆರೆಸಿ ಪಡ್ಡು ಮಾಡಿ. ಖಾರ, ಈರುಳ್ಳಿಯ ಸಿಹಿ ಸೇರಿ ಹುಳಿ ಹದಕ್ಕೆ ಬರುತ್ತದೆ. ಹಿಟ್ಟಿನ ಮೇಲೆ ಗುಲಾಬಿ, ಕಿತ್ತಳೆ ಬಣ್ಣದ ಗೆರೆ ಅಥವಾ ಬೂಷ್ಟು ಕಂಡರೆ ಮೇಲ್ಪದರ ತೆಗೆದು ಬಳಸಬೇಡಿ, ಪೂರ್ತಿ ಚೆಲ್ಲಿ. ಬೂಷ್ಟಿನ ಬೇರು ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿರುತ್ತದೆ.

7. ರೊಟ್ಟಿ, ಚಪಾತಿ, ಮುದ್ದೆ

ಇವು ಸುಲಭ. ಉಳಿದ ಚಪಾತಿಯನ್ನು ಕಾವಲಿಯ ಮೇಲೆ ಗರಿಗರಿ ಮಾಡಿ, ಮಿಕ್ಸಿಯಲ್ಲಿ ತರಿಯಾಗಿ ಪುಡಿಮಾಡಿ ಬೆಲ್ಲ, ಏಲಕ್ಕಿ, ಒಣಕೊಬ್ಬರಿ, ಹುರಿಗಡಲೆ ಬೆರೆಸಿದರೆ ಉತ್ತರ ಕರ್ನಾಟಕದ ಮಾದಲಿಯ ಸರಳ ರೂಪ. ಆರು ಚಪಾತಿಗೆ ಮುಕ್ಕಾಲು ಲೋಟ ಬೆಲ್ಲದ ಪುಡಿ ಸಾಕು. ಜೋಳದ ರೊಟ್ಟಿಯನ್ನು ಮುರಿದು, ಮಜ್ಜಿಗೆ ಚಿಮುಕಿಸಿ ಹತ್ತು ನಿಮಿಷ ಬಿಟ್ಟು, ಈರುಳ್ಳಿ ಒಗ್ಗರಣೆಯಲ್ಲಿ ಕಲಸಿ. ಮಜ್ಜಿಗೆ ಹೆಚ್ಚಾದರೆ ಮುದ್ದೆಯಾಗುತ್ತದೆ, ಚಿಮುಕಿಸುವಷ್ಟೇ. ರಾಗಿ ಮುದ್ದೆಯನ್ನು ಅನ್ನದ ಹಾಗೆಯೇ ಬೇಗ ಆರಿಸಿ ಎತ್ತಿಟ್ಟು, ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಹಸಿ ಈರುಳ್ಳಿ, ಉಪ್ಪು ಹಾಕಿ ಕುಡಿಯಬಹುದು. ತುಪ್ಪ ಕಾಯಿಸಿದ ತಳದ ಚರಟವನ್ನು ಅಂದೇ ಚಪಾತಿ ಹಿಟ್ಟಿಗೆ ಸೇರಿಸಿ, ಇಟ್ಟರೆ ಕಮಟುತ್ತದೆ.

8. ಗಿಡ ಒಂದೇ ಸಲ ಬಿಟ್ಟಾಗ

ಕರಿಬೇವನ್ನು ನೆರಳಲ್ಲಿ ಒಣಗಿಸಿ. ಬಿಸಿಲಿನಲ್ಲಿ ಬಣ್ಣವೂ ಘಮವೂ ಹೋಗುತ್ತವೆ. ಹಸಿಮೆಣಸನ್ನು ತೊಟ್ಟು ಮುರಿದು, ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟರೆ ಹೆಚ್ಚು ದಿನ ಬರುತ್ತದೆ, ಕೊಳೆಯುವುದು ತೊಟ್ಟಿನಿಂದಲೇ. ಅದಕ್ಕೂ ಮೀರಿ ಬಂದರೆ ಬಾಳಕದ ಮೆಣಸು ಮಾಡಿ, ಹುಳಿ ಮೊಸರೂ ಇದರಲ್ಲೇ ಖರ್ಚಾಗುತ್ತದೆ.

ಅರ್ಧ ಕಿಲೋ ಬಲಿತ ಹಸಿಮೆಣಸು ತೊಳೆದು, ನೀರಿನ ಪಸೆಯಿಲ್ಲದಂತೆ ಒರೆಸಿ, ತೊಟ್ಟು ತೆಗೆಯದೆ ಉದ್ದಕ್ಕೆ ಸೀಳಿ. ಅರ್ಧ ಲೀಟರ್ ಗಟ್ಟಿ ಹುಳಿ ಮೊಸರನ್ನು ನೀರು ಹಾಕದೆ ಕಡೆದು, 50 ಗ್ರಾಂ ಉಪ್ಪು, 1 ಚಮಚ ಮೆಂತ್ಯದ ಪುಡಿ, ಇಂಗು ಸೇರಿಸಿ, ಮೆಣಸನ್ನು ಗಾಜು ಅಥವಾ ಪಿಂಗಾಣಿ ಪಾತ್ರೆಯಲ್ಲಿ ನೆನೆಹಾಕಿ. ಮರುದಿನ ಬೆಳಗ್ಗೆ ಮೆಣಸನ್ನಷ್ಟೇ ಎತ್ತಿ ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮೊಸರಿಗೆ ಹಾಕಿ. ಮೂರು–ನಾಲ್ಕು ದಿನಕ್ಕೆ ಮೊಸರೆಲ್ಲ ಹೀರಿಕೊಳ್ಳುತ್ತದೆ. ಆಮೇಲೆ ಬರೀ ಬಿಸಿಲು, ಮುರಿದರೆ ಟಕ್ ಎನ್ನುವವರೆಗೆ, ಸುಮಾರು ಐದು ದಿನ. ಉಪ್ಪು ಕಡಿಮೆ ಮಾಡಿದರೆ ಎರಡನೇ ದಿನಕ್ಕೇ ಬೂಷ್ಟು ಹಿಡಿಯುತ್ತದೆ. ಮೋಡದ ದಿನಗಳಲ್ಲಿ ಶುರುಮಾಡಲೇಬೇಡಿ, ಮಾರ್ಚ್–ಏಪ್ರಿಲ್ ಬಿಸಿಲೇ ಇದಕ್ಕೆ ಸರಿ. ಕರಿಯುವಾಗ ಎಣ್ಣೆ ಹದವಾಗಿ ಕಾಯಲಿ. ಹೊಗೆಯಾಡುವ ಎಣ್ಣೆಗೆ ಬಿದ್ದರೆ ಹೊರಗೆ ಕಪ್ಪಾಗಿ ಒಳಗೆ ಮೆತ್ತಗೇ ಉಳಿಯುತ್ತದೆ.